ಯೆರಿಕೋದ ಗೋಡೆ ಬಿದ್ದದ್ದು ಯಾವಾಗ?

ಯಾಜಕರು ಕೊಂಬು ಊದಿದರು, ಜನ ಆರ್ಭಟಿಸಿದರು, ಯೆರಿಕೋದ ಗೋಡೆ ಕುಸಿದು ಬಿತ್ತು. ಇಸ್ರಾಯೇಲರ ನಾಯಕ ಯೆಹೋಶುವ ಯೆರಿಕೋ ನಗರವನ್ನು ಗೆದ್ದನೆಂದು ಬೈಬಲ್‌ನ ಯೆಹೋಶುವನ ಗ್ರಂಥ ಹೇಳುವ ಈ ಪ್ರಸಂಗಕ್ಕೆ ಮಣ್ಣಿನಲ್ಲಿ ಸಾಕ್ಷಿ ಹುಡುಕುವ ಕೆಲಸ 1868ರಲ್ಲೇ ಶುರುವಾಯಿತು. ಮೃತ ಸಮುದ್ರದ ಉತ್ತರಕ್ಕೆ, ಪ್ಯಾಲೆಸ್ಟೀನ್‌ನ ಪಶ್ಚಿಮ ದಂಡೆಯಲ್ಲಿರುವ ತೆಲ್ ಎಸ್-ಸುಲ್ತಾನ್ ಎಂಬ ದಿಬ್ಬವೇ ಹಳೆಯ ಯೆರಿಕೋ; ಅಲ್ಲಿ ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ವಾರನ್ ಕೆಲವು ಗುಂಡಿ ತೋಡಿಸಿ, ಹೆಚ್ಚೇನೂ ಸಿಗದೆ ಹಿಂತಿರುಗಿದರು. 20ನೇ ಶತಮಾನದ ಆರಂಭದಲ್ಲಿ ಜರ್ಮನ್ನರು ಬಂದು ಹೋದರು.

ನಿಜವಾದ ವಾದ ಹುಟ್ಟಿದ್ದು ಬ್ರಿಟಿಷ್ ಪುರಾತತ್ವಜ್ಞ ಜಾನ್ ಗಾರ್‌ಸ್ಟಾಂಗ್ ಅವರಿಂದ. 1930ರಿಂದ 1936ರವರೆಗೆ ಅಗೆದ ಅವರಿಗೆ ಕುಸಿದ ಜೋಡಿಗೋಡೆ ಕಂಡಿತು. ಅದು ಸುಮಾರು ಕ್ರಿ.ಪೂ. 1400ರದು, ಯೆಹೋಶುವನ ಕಾಲದ್ದೇ ಎಂದು ಅವರು ಸಾರಿದರು. ಹುಡುಕುತ್ತಿದ್ದದ್ದೇ ಸಿಕ್ಕಿತೆಂಬ ಸಂಭ್ರಮ ದೊಡ್ಡದಾಗಿತ್ತು.

1952ರಲ್ಲಿ ಅಲ್ಲಿ ಅಗೆತ ಶುರುಮಾಡಿದ ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಆ ಸಂಭ್ರಮಕ್ಕೆ ತಡೆ ಹಾಕಿದರು. ಆಕೆಯ ಗುರು ಮಾರ್ಟಿಮರ್ ವೀಲರ್. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಅದೇ ವೀಲರ್. ಗುಂಡಿಯ ಅಂಚನ್ನು ನೆಟ್ಟಗೆ ಕತ್ತರಿಸಿ, ಅಲ್ಲಿ ಕಾಣುವ ಮಣ್ಣಿನ ಪದರಗಳನ್ನು ಒಂದೊಂದಾಗಿ ಗುರುತಿಸುವ ಶಿಸ್ತನ್ನು ಕೆನ್ಯನ್ ಕಲಿತದ್ದು ಅವರ ಬಳಿ. ಹಾಗೆ ನೋಡಿದಾಗ ಗಾರ್‌ಸ್ಟಾಂಗ್ ತೋರಿಸಿದ ಗೋಡೆ ಅವರು ಹೇಳಿದ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು! ಆ ಗೋಡೆಯ ನಂತರ ಅಲ್ಲಿ ಎದ್ದ ಕಂಚಿನ ಯುಗದ ಕೋಟೆನಗರ ಬೆಂದು ನಾಶವಾದದ್ದು ಸುಮಾರು ಕ್ರಿ.ಪೂ. 1550ರಲ್ಲಿ, ಯೆಹೋಶುವನಿಗೆ ಹೇಳುವ ಕಾಲದಲ್ಲಿ ಅಲ್ಲಿ ಕೋಟೆಯಿದ್ದ ಕುರುಹೇ ಸಿಗಲಿಲ್ಲ. 1990ರಲ್ಲಿ ಅಮೆರಿಕದ ಪುರಾತತ್ವಜ್ಞ ಬ್ರಯಂಟ್ ವುಡ್, ಈ ನಗರ ನಾಶವಾದದ್ದೇ ಕ್ರಿ.ಪೂ. 1400ರ ಸುಮಾರಿಗೆ ಎಂದು ಮಡಕೆಗಳ ಆಧಾರದಲ್ಲಿ ವಾದಿಸಿದರು. ಆದರೆ ಆ ನಾಶದ ಪದರದಲ್ಲಿ ಸುಟ್ಟು ಕರಕಲಾಗಿದ್ದ ಕಾಳುಗಳ ವಯಸ್ಸು ಅಳೆಯುವ ಇಂಗಾಲ ಪರೀಕ್ಷೆಯ ಫಲಿತಾಂಶ 1995ರಲ್ಲಿ ಬಂದಾಗ, ಅದು ಕೆನ್ಯನ್ ಹೇಳಿದ ಕಾಲದ ಕಡೆಗೇ ವಾಲಿತು.

ಗೋಡೆಯ ಜಗಳದಲ್ಲಿ ಮರೆಯಾಗುವ ಸಂಗತಿಯೇ ನನಗೆ ಹೆಚ್ಚು ದೊಡ್ಡದೆನಿಸುತ್ತದೆ. ಕೆನ್ಯನ್ ಇನ್ನೂ ಆಳಕ್ಕೆ ಇಳಿದಾಗ, ಮನುಷ್ಯ ಮಡಕೆ ಮಾಡುವುದನ್ನೇ ಕಲಿಯದಿದ್ದ ಕಾಲದ ಕಲ್ಲಿನ ಗೋಪುರ ಸಿಕ್ಕಿತು. ಎತ್ತರ ಸುಮಾರು ಎಂಟೂವರೆ ಮೀಟರ್, ಒಳಗೆ ಮೆಟ್ಟಿಲು, ವಯಸ್ಸು ಹತ್ತು ಸಾವಿರ ವರ್ಷಗಳ ಆಸುಪಾಸು. 1953ರಲ್ಲಿ ಗುಂಡಿಯ ಗೋಡೆಯಿಂದ ಒಂದು ತಲೆಬುರುಡೆ ಇಣುಕುತ್ತಿತ್ತು. ಗೋಡೆಯನ್ನು ಕೆಡಿಸಬಾರದೆಂದು ಆ ವರ್ಷದ ಅಗೆತದ ಹಂಗಾಮು ಮುಗಿಯುವವರೆಗೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಬಿಡಿಸಿದಾಗ ಅದರ ಮೇಲೆ ಗಾರೆಯಲ್ಲಿ ತಿದ್ದಿದ ಮೂಗು, ಕೆನ್ನೆ; ಕಣ್ಣಿನ ಜಾಗದಲ್ಲಿ ಚಿಪ್ಪು. ಹಿಂದೆಯೇ ಇನ್ನಷ್ಟು, ಒಟ್ಟು ಏಳು. ಸತ್ತವರಿಗೆ ಮತ್ತೆ ಮುಖ ಕೊಟ್ಟು ಜೊತೆಯಲ್ಲೇ ಇಟ್ಟುಕೊಂಡಿದ್ದ ಆ ಜನರ ಹೆಸರು, ಭಾಷೆ ಯಾವುದೂ ಉಳಿದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ತೆಲ್ ಎಸ್-ಸುಲ್ತಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಯೆಹೋಶುವನ ಗೋಡೆ ಇಲ್ಲ; ಈ ನವಶಿಲಾಯುಗದ ನೆಲೆಯೂ ಕಂಚಿನ ಯುಗದ ನಗರವೂ ಇವೆ.