ಜಿಂಬ್ರಾ: ಕೋಡ್ ತೆರೆದೇ ಇದೆ, ಇನ್‌ಸ್ಟಾಲರ್ ಎಲ್ಲಿ?

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಣ್ಣ ಆಫೀಸುಗಳಿಗೆ ಹಳೆಯ ಜಿಂಬ್ರಾ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ಈಗ ದೊಡ್ಡ ತಲೆನೋವು. ಅದರ ಉಚಿತ ಆವೃತ್ತಿ ಇದೆ ಅಂತ ಒಬ್ಬರು, ನಿಂತುಹೋಯಿತು ಅಂತ ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ನಿಜವೇ.

ಸೆಂಡ್‌ಮೇಲ್ ಎಂಬ ಹಳೆಯ ಮೇಲ್ ಸರ್ವರ್‌ನ ಕಾಲದಿಂದಲೂ ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ನಲ್ಲಿ, ಮೇಲ್ ಸರ್ವರ್‌ಗಳಿಗೆ ಬರ ಇರಲಿಲ್ಲ. ಮೇಲ್ ಜೊತೆಗೆ ಕ್ಯಾಲೆಂಡರ್, ಕಾಂಟ್ಯಾಕ್ಟ್ ಎಲ್ಲ ಒಟ್ಟಿಗೆ ಬೇಕೆಂದರೆ ಮಾತ್ರ ಕಷ್ಟವಿತ್ತು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ತಗೊಂಡರೆ ಒಬ್ಬೊಬ್ಬರ ಲೆಕ್ಕದಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕು. 2005ರಲ್ಲಿ ಬಂದ ಜಿಂಬ್ರಾ, ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಬಳಕೆದಾರರ ಪಟ್ಟಿ ಇಡುವ ಓಪನ್‌ಎಲ್‌ಡ್ಯಾಪ್, ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಅಸ್ಯಾಸಿನ್, ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಎಲ್ಲವನ್ನೂ ಒಂದೇ ಇನ್‌ಸ್ಟಾಲರ್‌ನಲ್ಲಿ ಕೊಟ್ಟಿತು. ಬ್ರೌಸರ್‌ನಲ್ಲೇ ಸಲೀಸಾಗಿ ಓಡುವ ವೆಬ್‌ಮೇಲ್ ಕೂಡ ಇತ್ತು. ಆಮೇಲೆ ಒಡೆತನ ಕೈ ಬದಲಾಯಿಸುತ್ತಲೇ ಹೋಯಿತು: 2007ರಲ್ಲಿ ಯಾಹೂ, 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಕೋರ್.

ಗೋಜಲು ಜಾಸ್ತಿಯಾಗಿದ್ದು 2020ರಲ್ಲಿ. ಜಿಂಬ್ರಾ 9 ಬಂದಾಗ ಓಪನ್ ಸೋರ್ಸ್ ಬಳಕೆದಾರರಿಗೆ ಸೋರ್ಸ್ ಕೋಡ್ ಸಿಕ್ಕಿತು, ಸಿದ್ಧ ಇನ್‌ಸ್ಟಾಲರ್ ಸಿಗಲಿಲ್ಲ. ಬೇಕಾದವರು ಆ ಕೋಡ್‌ನಿಂದ ಇನ್‌ಸ್ಟಾಲರನ್ನು ತಾವೇ ಬಿಲ್ಡ್ ಮಾಡಿಕೊಳ್ಳಬೇಕು. ಕೋಡ್ ಇಟ್ಟಿರುವ ಒಂದಷ್ಟು ಗಿಟ್ ರೆಪೊಸಿಟರಿಗಳನ್ನು ಇಳಿಸಿಕೊಂಡು, ಸರಿಯಾದ ಜಾವಾ ಹಾಕಿ, ಬಿಲ್ಡ್ ಸ್ಕ್ರಿಪ್ಟ್ ಓಡಿಸಬೇಕು. ದೋಷ ಸರಿಪಡಿಸುವ ಪ್ರತಿ ಪ್ಯಾಚ್‌ಗೂ ಇದೇ ಪಾಡು. ಇಪ್ಪತ್ತು ಜನರ ಆಫೀಸಿನಲ್ಲಿ ಪ್ರಿಂಟರ್, ಟ್ಯಾಲಿ, ವೈಫೈ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬನೇ ಹುಡುಗನಿಗೆ ಇದು ಆಗುವ ಕೆಲಸವೇ? ಲೈಸೆನ್ಸ್ ಪ್ರಕಾರ ತಪ್ಪೇನಿಲ್ಲ. ಆದರೆ ಸಮಯಕ್ಕೆ ಪ್ಯಾಚ್ ಹಾಕಿಕೊಳ್ಳಲು ಆಗದವರಿಗೆ ತೆರೆದ ಕೋಡ್ ಇದ್ದೂ ಇಲ್ಲದಂತೆ, ಅಲ್ವಾ?

ಹಾಗಾಗಿ ಬಹಳ ಜನ ಸಿದ್ಧ ಇನ್‌ಸ್ಟಾಲರ್ ಇದ್ದ 2019ರ 8.8.15 ಆವೃತ್ತಿಯಲ್ಲೇ ಉಳಿದರು. 2022ರಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. ಒಂದು ದೋಷದಿಂದ ಜಗತ್ತಿನ ಸಾವಿರಕ್ಕೂ ಹೆಚ್ಚು ಜಿಂಬ್ರಾ ಸರ್ವರ್‌ಗಳಿಗೆ ಕಳ್ಳದಾರಿ ಕೊರೆದಿದ್ದು ಆಗಸ್ಟ್‌ನಲ್ಲಿ ಬಯಲಾಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ದೋಷ: ಜಿಂಬ್ರಾದೊಳಗೆ ಅಟ್ಯಾಚ್‌ಮೆಂಟ್ ಬಿಚ್ಚಿ ನೋಡುವ ಅಮಾವಿಸ್, ಕಟ್ಟಿಟ್ಟ ಫೈಲ್ ಬಿಚ್ಚುವ ಪ್ಯಾಕ್ಸ್ ಇಲ್ಲದಿದ್ದರೆ ಅದೇ ಕೆಲಸದ ಹಳೆಯ, ದೋಷವಿದ್ದ ಸಿಪಿಐಒ ಬಳಸುತ್ತಿತ್ತು. ದಾಳಿಗೆ ಒಂದು ಮೇಲ್ ಕಳಿಸಿದರೆ ಸಾಕು, ಯಾರೂ ಅದನ್ನು ತೆರೆಯಬೇಕೆಂದಿರಲಿಲ್ಲ. ಪ್ಯಾಕ್ಸ್‌ನ ಪುಟ್ಟ ಪ್ಯಾಕೇಜ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ತಪ್ಪಿಸಿಕೊಳ್ಳಬಹುದಿತ್ತು. ಆ ಸುದ್ದಿ ಸಣ್ಣ ಆಫೀಸುಗಳಿಗೆ ತಲುಪಿಸುವವರು ಯಾರು? 2023ರ ಡಿಸೆಂಬರ್ ಕೊನೆಗೆ 8.8.15ರ ಬೆಂಬಲವೇ ಮುಗಿಯಿತು.

ಅತ್ತ ದೊಡ್ಡ ಮೇಲ್ ಕಂಪನಿಗಳ ನಿಯಮವೂ ಬಿಗಿಯಾಯಿತು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವವರೆಲ್ಲ ಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ ಬಂದಿದೆ ಅಂತ ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಇಟ್ಟುಕೊಳ್ಳಲೇಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಆ ಪರೀಕ್ಷೆಯಲ್ಲಿ ಸೋತ ಮೇಲ್‌ಗಳನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಕೂಡ.

ಈಗ ದಾರಿಗಳಿಲ್ಲ ಅಂತಲ್ಲ. ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್, ವೆಬ್‌ಮೇಲ್-ಕ್ಯಾಲೆಂಡರ್ ಕೊಡುವ ಸೋಗೊ ಮೂರನ್ನೂ ಸೇರಿಸಿ ಕೊಡುವ ಮೇಲ್‌ಕೌ ಇದೆ. ಜಿಂಬ್ರಾ ಬಲ್ಲವರೇ ಕಟ್ಟಿದ ಕಾರ್ಬೋನಿಯೊದ ಸಮುದಾಯ ಆವೃತ್ತಿ ಇದೆ. ಬದಲಾಯಿಸುವವರು ಒಂದು ವಿಷಯ ಮರೆಯಬಾರದು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವ ಐಮ್ಯಾಪ್‌ಸಿಂಕ್ ಮೇಲ್‌ಗಳನ್ನು ಮಾತ್ರ ಸಾಗಿಸುತ್ತದೆ. ಕ್ಯಾಲೆಂಡರ್, ಕಾಂಟ್ಯಾಕ್ಟ್‌ಗಳನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಯಾರ ಕ್ಯಾಲೆಂಡರ್ ಯಾರು ನೋಡಬಹುದು ಅನ್ನುವ ಅನುಮತಿಗಳನ್ನು ಹೊಸ ಸರ್ವರ್‌ನಲ್ಲಿ ಕೈಯಾರೆ ಕೊಡಬೇಕಾಗುತ್ತದೆ. ಅದರ ಪಟ್ಟಿಯನ್ನು ಹಳೆಯ ಸರ್ವರ್ ಆಫ್ ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ.