ಎಲ್ಲರೂ ‘ಲಾಯ್ಕುಂಟು’ ಅಂತಾರೆ, ಹಾಡು ಮಾತ್ರ ಸುಧಾರಿಸುತ್ತಿಲ್ಲ: ಎಂತ ಮಾಡುವುದು?

ಓದುಗರ ಪ್ರಶ್ನೆ: ನಾವು ಐದು ಮಂದಿ ಗೆಳೆಯರು. ಸುರತ್ಕಲ್, ಮೂಲ್ಕಿ, ಉಡುಪಿ ಅಂತ ಹಂಚಿಹೋಗಿದ್ದೇವೆ. ಮನೆಯಲ್ಲೇ ಹಾಡು ಬರೆದು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ವಾಟ್ಸ್‌ಆ್ಯಪಿನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತೇವೆ. ಬರುವ ಉತ್ತರ ಎರಡೇ ಬಗೆ. ಒಂದು ‘ಭಾರೀ ಲಾಯ್ಕುಂಟು’, ಇನ್ನೊಂದು ‘ಎಂತದೋ ಕಮ್ಮಿ ಆಗ್ತದೆ ಮಾರಾಯ’. ಎರಡರಿಂದಲೂ ಹಾಡು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಉಪಯೋಗಕ್ಕೆ ಬರುವ ಹಾಗೆ ಅಭಿಪ್ರಾಯ ಹೇಳುವುದು ಹೇಗೆ?

ಉತ್ತರ: ‘ಎಂತದೋ ಕಮ್ಮಿ ಆಗ್ತದೆ’ ಅಂದವರು ಸುಳ್ಳು ಹೇಳಿಲ್ಲ. ಅವರ ಕಿವಿಗೆ ಏನೋ ತಟ್ಟಿದೆ, ಎಲ್ಲಿ ತಟ್ಟಿತು ಎಂಬುದನ್ನು ಹಿಡಿದಿಟ್ಟುಕೊಂಡಿಲ್ಲ, ಅಷ್ಟೆ. ಆದ್ದರಿಂದ ನಿಮ್ಮ ಗುಂಪು ಮೊದಲು ರೂಢಿಸಿಕೊಳ್ಳಬೇಕಾದ್ದು ಒಂದೇ: ಪ್ರತಿ ಮಾತಿಗೂ ನಿಮಿಷ, ಸೆಕೆಂಡು ಸೇರಿಸಿ ಹೇಳುವುದು. “ಉಚ್ಚಾರ ಸರಿ ಇಲ್ಲ” ಎಂದರೆ ಹಾಡಿದವರಿಗೆ ಬೇಜಾರಾಗುತ್ತದೆ, ಎಲ್ಲಿ ತಿದ್ದಬೇಕೆಂದು ಮಾತ್ರ ಗೊತ್ತಾಗುವುದಿಲ್ಲ. “0:47ರಲ್ಲಿ ‘ಹನಿಯು’ ಅಂದದ್ದು ನನಗೆ ‘ಹಾನಿಯು’ ಅಂತ ಕೇಳಿತು” ಎಂದರೆ ಆ ಒಂದು ಜಾಗವನ್ನು ಮತ್ತೆ ಹಾಡಿದರೆ ಮುಗಿಯಿತು.

ಗುಂಪಿನಲ್ಲಿ ವಯಸ್ಸಿನ ಅಂತರ ಇದ್ದರೆ ಈ ರೀತಿ ಇನ್ನೂ ಒಳ್ಳೆಯದು. ನಮ್ಮ ಕಡೆ ಹಿರಿಯರ ಹಾಡಿಗೆ ಕಿರಿಯರು ತಪ್ಪು ಹೇಳಲು ಹಿಂದೆಮುಂದೆ ನೋಡುತ್ತಾರೆ. “ಅಣ್ಣಾ, ಎರಡನೇ ಸಾಲಲ್ಲಿ ಹನಿಯಾ, ಹಾನಿಯಾ? ನಂಗೆ ಗೊತ್ತಾಗ್ಲಿಲ್ಲ” ಎಂದು ಕೇಳುವುದಕ್ಕೆ ಯಾರಿಗೂ ಸಂಕೋಚ ಬೇಡ. ತನಗೆ ಕೇಳಿಸಿದ್ದನ್ನು ಹೇಳಿದರೆ ಅದು ತೀರ್ಪಾಗುವುದಿಲ್ಲ.

ಮೊದಲ ಸಲ ಕೇಳುವಾಗ ಸಾಹಿತ್ಯ ಓದಬೇಡಿ. ಹಾಡು ಕಳಿಸುವವರೂ ಅದನ್ನು ಜೊತೆಗೆ ಕಳಿಸಬೇಡಿ, “ಇದು ಅಜ್ಜಿಯ ನೆನಪಲ್ಲಿ ಬರೆದದ್ದು” ಎಂಬ ಪೀಠಿಕೆಯೂ ಬೇಡ. ಮಾತು ಗೊತ್ತಾದ ಮೇಲೆ ಕಿವಿ ಅದನ್ನು ತಾನೇ ತುಂಬಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ಅಸ್ಪಷ್ಟವಾಗಿ ಹಾಡಿದರೂ ಸ್ಪಷ್ಟವಾಗಿ ಕೇಳಿದಂತೆಯೇ ಅನಿಸುತ್ತದೆ. ನಿಲ್ಲಿಸದೆ ಒಂದು ಸಲ ಪೂರ್ತಿ ಕೇಳಿ. ಮುಗಿದ ಕೂಡಲೇ ಎರಡು ವಿಷಯ ಬರೆದಿಡಿ: ಯಾವ ಸಾಲು ತಲೆಯಲ್ಲಿ ಉಳಿಯಿತು, ಎಷ್ಟು ಹೊತ್ತಿಗೆ ಗಮನ ಬೇರೆ ಕಡೆ ಹೋಯಿತು. ಪಲ್ಲವಿಯ ಸಾಲೇ ನೆನಪಿಲ್ಲ ಎಂದಾದರೆ ಅದು ದೊಡ್ಡ ಸುದ್ದಿ, ಮುಚ್ಚಿಡಬೇಡಿ.

ಎರಡನೇ ಸಲ ಉಕ್ತಲೇಖನದ ಹಾಗೆ ಕೇಳಿ. ಪ್ರತಿ ಸಾಲಿಗೂ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನೇ ಬರೆಯಿರಿ. ಅರ್ಥವಾಗದಿದ್ದರೆ ಅರ್ಥವಿಲ್ಲದ್ದನ್ನೇ ಬರೆಯಿರಿ, ಊಹಿಸಿ ಸರಿಮಾಡಬೇಡಿ. ಆ ಹಾಳೆಯ ಫೋಟೋ ತೆಗೆದು ಕಳಿಸಿ. ಹಾಡು ಬರೆದವರು ಅದನ್ನು ತಮ್ಮ ಸಾಹಿತ್ಯದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಇರುವ ಕಡೆಯೆಲ್ಲ ಕೆಲಸ ಬಾಕಿ ಇದೆ ಎಂದರ್ಥ. ಇದಕ್ಕಿಂತ ಒಳ್ಳೆಯ ಅಭಿಪ್ರಾಯವನ್ನು ಒಬ್ಬ ಗೆಳೆಯ ಇನ್ನೊಬ್ಬನಿಗೆ ಕೊಡಲಾರ ಎಂದೇ ನಮ್ಮ ನಂಬಿಕೆ.

ಕನ್ನಡದಲ್ಲಿ ಇದು ಯಾಕೆ ಇಷ್ಟು ಮುಖ್ಯ? ಹ್ರಸ್ವವನ್ನು ಎಳೆದರೆ ನಮ್ಮಲ್ಲಿ ಪದವೇ ಬದಲಾಗುತ್ತದೆ. ಬಳೆ ಎಳೆದರೆ ಬಾಳೆ, ಹನಿ ಎಳೆದರೆ ಹಾನಿ. ಅಕ್ಷರದ ಮೇಲೆ ಒತ್ತು ಬಿದ್ದರೆ ಕತೆ ಹೋಗಿ ಕತ್ತೆ. ಈ ತಪ್ಪು ಹೆಚ್ಚಾಗಿ ಹಾಡುವವರ ನಾಲಗೆಯಿಂದ ಬರುವುದಿಲ್ಲ, ತಾಳದಿಂದ ಬರುತ್ತದೆ. ಒಂದು ಸಾಲು ತೆಗೆದುಕೊಂಡು ನೋಡೋಣ:

ಮಳೆಯ ಹನಿಯು ಹಂಚ ಮೇಲೆ
ಕುಣಿದು ಬಂತು ಸಂಜೆ ವೇಳೆ

ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಅನುಸ್ವಾರ ಇರುವ ಅಕ್ಷರಕ್ಕೂ ಎರಡು ಎಂದು ಮಾತ್ರೆ ಎಣಿಸಿ. ಮಳೆಯ ಮೂರು, ಹನಿಯು ಮೂರು, ಹಂಚ ಮೂರು, ಮೇಲೆ ಮೂರು. ಸಾಲಿಗೆ ಹನ್ನೆರಡು, ಮೂರು ಮೂರರ ನಡೆ. ಬರೆದವರು ಕೈಯಲ್ಲಿ ತಟ್ಟಿಕೊಂಡು ಗುನುಗುವಾಗ ಸರಿಯಾಗಿಯೇ ಇತ್ತು. ಆಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರು. ಹೊಸ ಪ್ರಾಜೆಕ್ಟ್ ತೆರೆದರೆ ಬಹುತೇಕ ಎಲ್ಲದರಲ್ಲೂ ಬರುವುದು 4/4, ಅಂದರೆ ನಾಲ್ಕು ನಾಲ್ಕು ಪೆಟ್ಟಿನ ತಾಳ, ವೇಗ ನಿಮಿಷಕ್ಕೆ 120 ಪೆಟ್ಟು. ಮತ್ತೆ ಮತ್ತೆ ತಿರುಗಿ ಬರುವ ಡ್ರಮ್ ತುಣುಕು, ಅಂದರೆ ಲೂಪೂ, ನಾಲ್ಕರದ್ದೇ. ಮೂರು ಮಾತ್ರೆಯ ಪದವನ್ನು ನಾಲ್ಕರ ಜಾಗದಲ್ಲಿ ಕೂರಿಸಬೇಕಾದರೆ ಎಲ್ಲೋ ಒಂದು ಮಾತ್ರೆ ಎಳೆಯಲೇಬೇಕು. ಪೆಟ್ಟು ಬೀಳುವುದು ಮೊದಲ ಅಕ್ಷರಕ್ಕೆ, ಹಾಡುವವರು ಎಳೆಯುವುದೂ ಅಲ್ಲಿಯೇ. ‘ಮಾಳೆಯ ಹಾನಿಯು’ ಆಯಿತು. ಕೇಳುವವರಿಗೆ ‘ಮಾಲೆಯ ಹಾನಿ’ ಎಂದು ಕೇಳಿದರೆ ತಪ್ಪು ಅವರದ್ದಲ್ಲ.

ಕಾರಣ ಗೊತ್ತಾದರೆ ಪರಿಹಾರಕ್ಕೆ ಮೂರು ದಾರಿ. ಪ್ರಾಜೆಕ್ಟನ್ನೇ 6/8ಕ್ಕೆ, ಅಂದರೆ ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಆರು ಎಣಿಕೆಯ ತಾಳಕ್ಕೆ, ಬದಲಾಯಿಸಿದರೆ ಹನ್ನೆರಡು ಮಾತ್ರೆ ಎರಡು ಬಾರ್‌ನಲ್ಲಿ ಸರಿಯಾಗಿ ಕೂರುತ್ತದೆ, ಏನೂ ಎಳೆಯಬೇಕಾಗಿಲ್ಲ. ನಾಲ್ಕರ ಲೂಪೇ ಬೇಕು ಎಂದಾದರೆ ಎಳೆತವನ್ನು ಪದದ ಕೊನೆಗೆ ತಳ್ಳಿ: ‘ಮಳೆಯಾ ಹನಿಯೂ’. ಕೊನೆಯ ಸ್ವರ ಎಳೆಯುವುದು ಹಾಡಿನಲ್ಲಿ ಸಹಜ, ಅರ್ಥ ಕೆಡುವುದು ತೀರಾ ಕಡಿಮೆ. ಅದೂ ಒಗ್ಗದಿದ್ದರೆ ದೀರ್ಘದಿಂದಲೇ ಶುರುವಾಗುವ ಪದ ಹುಡುಕಿ. ‘ಹನಿಯು’ ಬದಲು ‘ಧಾರೆ’ ಬಂದರೆ ಮಾತ್ರೆ ಅದೇ ಮೂರು, ಧಾ ಎಷ್ಟು ಎಳೆದರೂ ಧಾರೆ ಧಾರೆಯೇ.

ಎರಡನೇ ಚರಣದಲ್ಲಿ ಹಾಡು ಎಡವುವುದಕ್ಕೂ ಸಾಮಾನ್ಯವಾಗಿ ಲೆಕ್ಕವೇ ಕಾರಣ. ಮೊದಲ ಚರಣಕ್ಕೆ ರಾಗ ಕೂರಿಸಿ, ಎರಡನೆಯದನ್ನು ಆಮೇಲೆ ತುಂಬಿಸುವಾಗ ‘ಮರೆತು ಹೋದ ನಿನ್ನ ಮಾತುಗಳೆಲ್ಲಾ’ ಎಂದು ಬರೆದಿರುತ್ತಾರೆ. ‘ಮಾತುಗಳೆಲ್ಲಾ’ ಒಂದೇ ಪದಕ್ಕೆ ಎಂಟು ಮಾತ್ರೆ. ಜಾಗ ಇರುವುದು ಮೂರಕ್ಕೆ. ಹಾಡುವವರು ಅವಸರದಲ್ಲಿ ನುಂಗುತ್ತಾರೆ, ಕೇಳುವವರಿಗೆ ‘ಎಂತದೋ ಕಮ್ಮಿ’ ಅನಿಸುತ್ತದೆ. ನಿಜಕ್ಕೂ ಅಲ್ಲಿ ಇರುವುದು ಐದು ಮಾತ್ರೆ ಹೆಚ್ಚು! ‘ಮರೆತು ಹೋದ ನಿನ್ನ ಮಾತು’ ಎಂದರೆ ಹನ್ನೆರಡಕ್ಕೆ ನಿಲ್ಲುತ್ತದೆ, ಹೇಳಬೇಕಾದ್ದೂ ಉಳಿಯುತ್ತದೆ. ಕರಾವಳಿಯ ಕಿವಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಯಕ್ಷಗಾನದಲ್ಲಿ ಕೇಳಿ ಬೆಳೆದ ಭಾಮಿನಿ ಷಟ್ಪದಿ ಮೂರು–ನಾಲ್ಕರ ನಡೆ, ಒಂದು ಮಾತ್ರೆ ತಪ್ಪಿದರೆ ಹೆಸರು ಗೊತ್ತಿಲ್ಲದವರಿಗೂ ಕಿರಿಕಿರಿಯಾಗುತ್ತದೆ.

ಯಕ್ಷಗಾನದ ಹಾಡುಗಾರರಾದ ಭಾಗವತರ ಪದ್ಯದಲ್ಲಿ ಒಂದು ಮಾತು ಚೆಂಡೆಯ ಪೆಟ್ಟಿನಲ್ಲಿ ಮುಳುಗಿದರೂ ಪದ್ಯದ ಹಿಂದೆಯೇ ಪಾತ್ರಧಾರಿ ಅದನ್ನು ಮಾತಿನಲ್ಲಿ ಬಿಡಿಸಿ ಹೇಳುವ ಅರ್ಥಗಾರಿಕೆ ಬರುತ್ತದೆ, ಕತೆ ತಪ್ಪುವುದಿಲ್ಲ. ನಿಮ್ಮ ಹಾಡಿಗೆ ಅರ್ಥಧಾರಿ ಇಲ್ಲ. ಕೇಳದೆ ಹೋದ ಮಾತು ಹೋಯಿತು.

ನಿಮ್ಮ ಗುಂಪಿನಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆದವರು ಇದ್ದರೆ ಅದು ಭಾಗ್ಯ. ತುಳು ಹಾಡು ಬರೆದಾಗ ಪದದ ತುದಿಯ ಅರ್ಧ ‘ಉ’ಕಾರವನ್ನು ಪೂರ್ತಿ ‘ಉ’ ಮಾಡಿ ಎಳೆದರೆ ತುಳು ಮನೆಯವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಕನ್ನಡ ಹಾಡಿಗೆ ಮಾತ್ರ ಇಬ್ಬರೂ ಬೇಕು: ಮನೆಯಲ್ಲಿ ಕನ್ನಡ ಆಡುವವರೊಬ್ಬರು, ಆಡದವರೊಬ್ಬರು.

ಮೂರನೇ ಸಲ ಕೇಳುವುದು ಧ್ವನಿಮುದ್ರಣಕ್ಕಾಗಿ. ಇದನ್ನು ಸಾಹಿತ್ಯ, ರಾಗದ ಮಾತಿನ ಜೊತೆ ಬೆರೆಸಬೇಡಿ. ಪಲ್ಲವಿಯೇ ಬದಲಾಗಬೇಕಾದ ಹಾಡಿಗೆ ರಿವರ್ಬ್ (ಧ್ವನಿಗೆ ಸೇರಿಸುವ ಮೊಳಗು) ಹೆಚ್ಚಾಯಿತೆಂದು ಹೇಳಿ ಪ್ರಯೋಜನವಿಲ್ಲ. ಹಾಡು ಶುರುವಾಗುವ ಮೊದಲು ಐದು ಸೆಕೆಂಡು ಸುಮ್ಮನೆ ರೆಕಾರ್ಡ್ ಆಗಲು ಬಿಡಿ, ಕೇಳುವವರು ಹೆಡ್‌ಫೋನಿನಲ್ಲಿ ಅಷ್ಟನ್ನೇ ಕೇಳಿದರೆ ಕೋಣೆಯ ಕತೆ ಗೊತ್ತಾಗುತ್ತದೆ. ಒಂದೇ ಸಮನೆ ಸಣ್ಣ ‘ಝುಂ’ ಇದ್ದರೆ ಅದು ಮನೆಯ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಗುಣಕಗಳ ಸದ್ದು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಅನೇಕ ಸಲ ಅಲ್ಲಿಗೇ ನಿಲ್ಲುತ್ತದೆ. ಸ್ವರ ನಡುಗಿದ ಹಾಗೆ ಕೇಳಿದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು ಎಂದರ್ಥ, ರೆಕ್ಕೆಗಳು ಧ್ವನಿಯನ್ನು ಕತ್ತರಿಸಿ ಹಿಂದೆ ಕಳಿಸುತ್ತವೆ. ಏಪ್ರಿಲ್–ಮೇ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಇಡೀ ಹಾಡು ಹಾಡುವುದು ಕಷ್ಟ. ಒಂದೊಂದು ಚರಣ ಹಾಡಿ, ನಡುವೆ ಫ್ಯಾನ್ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಮಳೆ ಬಿಡುವು ಕೊಟ್ಟಾಗ ಮಾತ್ರ ಹಾಡಬೇಕು. ಮಳೆಯ ಸದ್ದನ್ನು ಸಾಫ್ಟ್‌ವೇರಿನಲ್ಲಿ ಅಳಿಸಲು ಹೋದರೆ ಧ್ವನಿ ನೀರೊಳಗಿಂದ ಬಂದ ಹಾಗಾಗುತ್ತದೆ.

‘ಪ’, ‘ಬ’, ‘ಭ’ ಬಂದಲ್ಲೆಲ್ಲ ‘ಧಬ್’ ಎಂದರೆ ಬಾಯಿಯ ಗಾಳಿ ನೇರ ಮೈಕಿಗೆ ಹೊಡೆಯುತ್ತಿದೆ. ಮೈಕ್ 15ರಿಂದ 20 ಸೆಂಟಿಮೀಟರ್ ದೂರ ಇರಲಿ, ಬಾಯಿಗೆ ನೇರವಾಗಿ ಬೇಡ, ಸ್ವಲ್ಪ ಓರೆಯಾಗಿರಲಿ. ಬಚ್ಚಲುಮನೆಯ ಹಾಗೆ ಮೊಳಗುತ್ತಿದ್ದರೆ ಟೈಲ್ಸ್ ಮತ್ತು ಬರಿಗೋಡೆಯ ಕೆಲಸ. ಹಾಡುವವರ ಬೆನ್ನ ಹಿಂದೆ ಕಂಬಳಿ ತೂಗುಹಾಕಿ, ಇಲ್ಲವೇ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಡಿ. ಜೋರಾದ ಜಾಗದಲ್ಲಿ ಸ್ವರ ಒಡೆದರೆ ಗೇನ್, ಅಂದರೆ ಮೈಕಿನ ಸ್ವರವನ್ನು ಹಿಗ್ಗಿಸುವ ಮಟ್ಟ, ಹೆಚ್ಚಾಗಿದೆ. ಅತ್ಯಂತ ಜೋರಿನ ಸಾಲು ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 6 ಡೆಸಿಬಲ್‌ನ ಸುತ್ತ ನಿಲ್ಲುವಂತೆ ಇಟ್ಟು ಮತ್ತೆ ಹಾಡುವುದೇ ದಾರಿ, ಒಡೆದದ್ದನ್ನು ಆಮೇಲೆ ಪೂರ್ತಿ ಸರಿಮಾಡಲಾಗದು.

ಮನೆಯಲ್ಲೇ ಧ್ವನಿ, ವಾದ್ಯ ಬೆರೆಸಿದ ಮಿಕ್ಸ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಹಾಡುವವರ ಧ್ವನಿ ತಗ್ಗಿರುವುದು. ಬರೆದವರು ನೂರಾರು ಸಲ ಕೇಳಿರುತ್ತಾರೆ, ಅವರಿಗೆ ಮಾತು ಕೇಳುತ್ತಲೇ ಇರುತ್ತದೆ. ವಾಲ್ಯೂಮನ್ನು ತೀರಾ ತಗ್ಗಿಸಿ ಪಕ್ಕದ ಕೋಣೆಯಿಂದ ಕೇಳಿ. ವಾದ್ಯ ಉಳಿದು ಧ್ವನಿ ಮಾಯವಾದರೆ ಧ್ವನಿಯನ್ನು 1–2 ಡೆಸಿಬಲ್ ಏರಿಸಲು ಹೇಳಿ. ಬೇಸ್ ಕಮ್ಮಿ ಎಂದು ಮಾತ್ರ ಫೋನಿನ ಸ್ಪೀಕರಿನಲ್ಲಿ ಕೇಳಿ ಹೇಳಬೇಡಿ. ಆ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ.

ಸಿನಿಮಾ ಹಾಡಿನ ಜೊತೆ ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ, ಅಂದರೆ ಸಿನಿಮಾ ಹಾಡನ್ನು ತಗ್ಗಿಸಿ. ಒಂದು ಚೂರು ಜೋರಾಗಿರುವುದೇ ಕಿವಿಗೆ ಚಂದ ಕೇಳುತ್ತದೆ. ನಿಮ್ಮದೇ ಹಾಡಿನ ಹಳೆಯ, ಹೊಸ ಮಿಕ್ಸ್‌ಗಳಲ್ಲಿ ಒಂದನ್ನು ಆರಿಸುವಾಗಲೂ ಈ ಮೋಸ ಆಗುತ್ತದೆ.

ಕಳಿಸುವ ವಿಧಾನದಿಂದಲೂ ಅಭಿಪ್ರಾಯ ದಾರಿ ತಪ್ಪುತ್ತದೆ. ವಾಟ್ಸ್‌ಆ್ಯಪಿನ ವಾಯ್ಸ್ ಮೆಸೇಜಾಗಿ ಹೋದ ಹಾಡು ಹಿಂಡಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ನಾಲ್ಕು ನಿಮಿಷದ ಹಾಡು 320 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 10 ಎಂಬಿ, 48 ಕಿಲೋಹರ್ಟ್ಸ್ 24 ಬಿಟ್ ಸ್ಟೀರಿಯೋ ವೇವ್ ಆದರೆ 70 ಎಂಬಿಯ ಹತ್ತಿರ. ಅಭಿಪ್ರಾಯಕ್ಕೆ ಎಂಪಿ3 ಧಾರಾಳ ಸಾಕು. ಫೈಲಿನ ಹೆಸರಲ್ಲಿ ದಿನಾಂಕ ಇರಲಿ, ಇಲ್ಲದಿದ್ದರೆ ಒಬ್ಬರು ಹಳೆಯದಕ್ಕೆ, ಇನ್ನೊಬ್ಬರು ಹೊಸದಕ್ಕೆ ಉತ್ತರ ಬರೆಯುತ್ತಾರೆ. ಜೊತೆಗೆ ಒಂದೇ ಒಂದು ಪ್ರಶ್ನೆ ಇಡಿ: “ಎರಡನೇ ಚರಣ ಉದ್ದವಾಯಿತಾ?” ಎಂಬಂತೆ. “ಹೇಗುಂಟು?” ಎಂದು ಕೇಳಿದರೆ “ಲಾಯ್ಕುಂಟು” ಎಂದೇ ಬರುತ್ತದೆ.

ಅವರಾಗಿ ಕೇಳಿಕೊಳ್ಳದೆ ಇನ್ನೊಬ್ಬರ ಹಾಡಿಗೆ ಸಾಲು ಬರೆದುಕೊಡಬೇಡಿ. ಅವರು ಕೇಳಿಕೊಂಡು, ನೀವು ಬರೆದು, ಅವರು ಬಳಸಿದರೆ ಅದನ್ನು ಆಗಲೇ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಕೃತಿಗಳು. ಗೆಳೆತನ ಗಟ್ಟಿ ಇರುವಾಗ ಒಂದು ಸಾಲಿನ ಮೆಸೇಜ್ ಹಾಕಿದರೆ ಸಾಕು.

ಅಭಿಪ್ರಾಯ ಬಂದ ದಿನ ಸಮಜಾಯಿಷಿ ಬರೆಯಬೇಡಿ. ಮರುದಿನ ಎಲ್ಲರ ಮಾತನ್ನೂ ಸೆಕೆಂಡುಗಳ ಕ್ರಮದಲ್ಲಿ ಜೋಡಿಸಿ. ಒಬ್ಬರು “1:20ರಲ್ಲಿ ಕೊಳಲು ಬೇಡ”, ಇನ್ನೊಬ್ಬರು “ಅಲ್ಲಿ ತಾಳ ನಿಧಾನವಾಯಿತು”, ಮತ್ತೊಬ್ಬರು “1:25ಕ್ಕೆ ಫೋನ್ ನೋಡಿದೆ” ಎಂದಿದ್ದರೆ ಮೂವರೂ ತೋರಿಸುತ್ತಿರುವುದು ಒಂದೇ ಜಾಗವನ್ನು. ಮದ್ದು ಯಾವುದು ಎಂದು ನೀವೇ ಹುಡುಕಿ, ನೋವು ಅಲ್ಲಿರುವುದು ಖಂಡಿತ. ಒಬ್ಬರೇ ಹೇಳಿದ್ದನ್ನು ತೆಗೆದಿಡಿ, ಮುಂದಿನ ಕೇಳುಗರೂ ಹೇಳಿದರೆ ಆಗ ಮುಟ್ಟಿ. ಉಕ್ತಲೇಖನದಲ್ಲಿ ತಪ್ಪಿದ ಪದಕ್ಕೆ ಈ ಕಾಯುವಿಕೆ ಬೇಡ, ಒಬ್ಬರಿಗೆ ಹಾನಿ ಎಂದು ಕೇಳಿದ್ದು ಸಾಕು.

ಇನ್ನೊಂದು ವಿಷಯ. ಮೊದಲ ಸಲ ಕೇಳುವ ಕಿವಿ ಒಬ್ಬೊಬ್ಬರಿಗೆ ಒಂದೇ ಸಲ. ನೀವು ಐದು ಮಂದಿ ಎಂದರೆ ಪ್ರತಿ ಹಾಡಿಗೂ ಬೇರೆ ನಾಲ್ಕು ಕಿವಿಗಳಿವೆ. ಒಂದೇ ರಾತ್ರಿ ಗ್ರೂಪಿಗೆ ಹಾಕಿದರೆ ನಾಲ್ಕೂ ಖರ್ಚಾಗುತ್ತವೆ. ಫೋನಿನಲ್ಲಿ ಹಾಡಿದ, ಒಂದು ಗಿಟಾರೋ ಹಾರ್ಮೋನಿಯಮ್ಮೋ ಇರುವ ಕರಡನ್ನು ಇಬ್ಬರಿಗೆ ಮಾತ್ರ ಕಳಿಸಿ, ಮಾತು–ರಾಗ ಅಲ್ಲೇ ತಿದ್ದಿಕೊಳ್ಳಿ. ವಾದ್ಯ ಕೂಡಿಸಿದ ಮೇಲೆ ಮೂರನೆಯವರಿಗೆ ಕೊಡಿ. ನಾಲ್ಕನೆಯವರಿಗೆ ಹಾಡಿನ ಹೆಸರನ್ನೂ ಹೇಳದೆ ಕೊನೆಯ ಮಿಕ್ಸ್ ಕಳಿಸಿ, ಜೊತೆಗೆ ಒಂದು ಖಾಲಿ ಹಾಳೆ ಎತ್ತಿಕೊಳ್ಳಲು ಹೇಳಿ.