ಅಲಾಯಿ ಕುಣಿಯ ಸುತ್ತ ಸುಖದ ಲೆಕ್ಕ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಹಬ್ಬ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದ ನೆನಪಿಗೆ ಜನ ಸಕ್ಕರೆ ಓದಿಸುತ್ತಾರೆ, ಚೋಂಗೆ ಎಂಬ ಸಿಹಿ ಮಾಡುತ್ತಾರೆ, ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲ, ಆದರೂ ಅಲ್ಲಿ ಮೊಹರಂ ದೇವರು, ಅಂದರೆ ಪಂಜಾ ಎಂಬ ಲಾಂಛನಗಳು, ಕೂರುತ್ತವೆ. ಅಳುವಿನ ಕಥೆಯೊಂದು ಊರಿಗೆಲ್ಲ ಹಿಗ್ಗು ತರುವುದು ಹೇಗೆ?

ಮೊಹರಂಗೆಂದು ತೋಡಿದ ಬೆಂಕಿಯ ಗುಂಡಿಯೇ ಅಲಾಯಿ ಕುಣಿ. ಅದರ ಕಟ್ಟಿಗೆ ಉರಿದು ಕೆಂಡವಾದಾಗ ಹರಕೆ ಹೊತ್ತವರು ಅದನ್ನು ಹಾಯುತ್ತಾರೆ. ಆಗ ಹಾಯುವವನ ಕಾಲಿಗಿಂತ ಸುತ್ತ ನಿಂತವರ ಮುಖ ನೋಡಬೇಕು. ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಉಸಿರು ಬಿಗಿಹಿಡಿದಿರುತ್ತಾಳೆ. ಪಕ್ಕದೂರಿನವನು ನಿರುಮ್ಮಳವಾಗಿ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿರುತ್ತಾನೆ. ಸ್ಪೇನಿನ ಸ್ಯಾನ್ ಪೆದ್ರೊ ಮನ್ರೀಕೆ ಹಳ್ಳಿಯಲ್ಲೂ ಕೆಂಡ ಹಾಯುವ ಆಚರಣೆಯಿದೆ. ವಿಜ್ಞಾನಿಗಳು ಅಲ್ಲಿ ಹಾಯುವವರಿಗೂ ನೋಡುವವರಿಗೂ ಎದೆಬಡಿತ ಅಳೆಯುವ ಸಾಧನ ಕಟ್ಟಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ: ಹಾಯುವವರ ಎದೆಬಡಿತದ ಏರಿಳಿತ ಸುಮ್ಮನೆ ನಿಂತಿದ್ದ ಬಂಧುಮಿತ್ರರಲ್ಲೂ ಕಂಡಿತು, ನೋಡಲು ಬಂದ ಪರಊರಿನವರಲ್ಲಿ ಕಾಣಲಿಲ್ಲ. ಕೆಂಡ ಎಲ್ಲರ ಕಣ್ಣಿಗೂ ಒಂದೇ. ಎದೆ ಬಡಿದದ್ದು ನಂಟಿದ್ದವರಿಗೆ.

ನೋವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾರಿಷಸ್‌ನಲ್ಲಿ ಮುರುಗನ ಭಕ್ತರು ನಡೆಸುವ ಕಾವಡಿ ಉತ್ಸವದಲ್ಲಿ ಭಕ್ತರು ಮೈಗೆ ಸೂಜಿ, ಸರಳು ಚುಚ್ಚಿಕೊಳ್ಳುತ್ತಾರೆ. ವೀರಭದ್ರನ ಭಕ್ತರಾದ ನಮ್ಮ ಪುರವಂತರು ಮೈಗೆ ಶಸ್ತ್ರ ಚುಚ್ಚಿಕೊಳ್ಳುವ ಶಸ್ತ್ರಸೇವೆಯ ದೂರದ ನೆಂಟಸ್ತಿಕೆ ಅನ್ನಿ. 2019ರ ಅಧ್ಯಯನವೊಂದರ ಪ್ರಕಾರ, ಹೆಚ್ಚು ನೋವುಂಡವರೇ ಆಮೇಲೆ ಹೆಚ್ಚು ಹಗುರವಾದಂತೆ ಹೇಳಿಕೊಂಡರು. ಕಾಯಿಲೆಯವರು, ಬಡವರು ಹೆಚ್ಚು ಕಠಿಣ ಸೇವೆಯನ್ನೇ ಆರಿಸಿಕೊಂಡಿದ್ದರು. ಇದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಅವಸರ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಇದು ಔಷಧಕ್ಕೆ ಬದಲಿಯೂ ಅಲ್ಲ.

ಹಾಗಾದರೆ ಸುಖ ಕೊಡುವುದು ನಂಬಿಕೆಯೋ, ಜೊತೆಗಿರುವ ಜನವೋ? ಅಮೆರಿಕದ ಸಂಶೋಧಕರಾದ ಲಿಮ್ ಮತ್ತು ಪಟ್ನಮ್ 2010ರಲ್ಲಿ ತೋರಿಸಿದ್ದು ಇದು: ಚರ್ಚಿಗೆ ತಪ್ಪದೆ ಹೋಗುವವರ ಬದುಕಿನ ತೃಪ್ತಿ ಹೆಚ್ಚು, ಆದರೆ ಅಲ್ಲಿ ಆಪ್ತ ಗೆಳೆಯರಿದ್ದವರಿಗೆ ಮಾತ್ರ. ಮರುವರ್ಷ ಮನೋವಿಜ್ಞಾನಿ ಡೀನರ್ ಅವರ ತಂಡ ಹಲವು ದೇಶಗಳ ಸಮೀಕ್ಷೆ ಜಾಲಾಡಿ, ಹಸಿವು, ಅಲ್ಪಾಯುಷ್ಯ ಕಾಡುವ ನಾಡುಗಳಲ್ಲಿ ಧರ್ಮನಿಷ್ಠರು ಹೆಚ್ಚು ಸುಖಿಗಳೆಂದೂ ಅನುಕೂಲವಂತ ನಾಡುಗಳಲ್ಲಿ ಆ ಅಂತರ ಕರಗುತ್ತದೆಂದೂ ಹೇಳಿತು. ದುಡಿಯಲು ಗೋವಾ, ಪುಣೆಗೆ ಹೋದವರು ಮೊಹರಂಗೆ ಊರಿಗೆ ಮರಳುವುದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ.

ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಜಾತಿಯ ಕಾರಣಕ್ಕೆ ಗುಡಿಯ ಹೊಸ್ತಿಲಾಚೆ ನಿಲ್ಲಿಸಿದವನಿಗೂ ಭಕ್ತಿಯೇನು ಕಡಿಮೆಯಿರುವುದಿಲ್ಲ. ಆದರೆ ಅವನ ಎದೆಯೊಂದಿಗೆ ಬಡಿಯುವ ಎದೆಗಳು ಒಳಗಿರುವುದಿಲ್ಲ.